ಆತ್ಮಶ್ರೀ ಮತ್ತು ನಿರಂಕುಶಮತಿ: ಕುವೆಂಪು ವಿಚಾರದ ಒಂದು ಅಧ್ಯಯನ

ಕುವೆಂಪು (1904–1994) ಅವರನ್ನು ಎರಡು ಬಗೆಯಾಗಿ ಓದುವ ರೂಢಿ ಕನ್ನಡದಲ್ಲಿ ಬೆಳೆದುಬಂದಿದೆ. ಭಕ್ತಹೃದಯರು ಅವರಲ್ಲಿ ಶ್ರೀರಾಮಕೃಷ್ಣ ಪರಂಪರೆಯ ಸಾಧಕನನ್ನೂ ಮಲೆನಾಡಿನ ನಿಸರ್ಗಕವಿಯನ್ನೂ ಕಂಡು, ಪೌರೋಹಿತ್ಯವನ್ನು ಖಂಡಿಸಿದ ಅವರ ಗದ್ಯವನ್ನು ಬದಿಗಿಡುತ್ತಾರೆ. ವಿಚಾರವಾದಿಗಳು ಆ ಗದ್ಯವನ್ನು ಎತ್ತಿಹಿಡಿದು, ಅವರ ಅಧ್ಯಾತ್ಮವನ್ನು ಕವಿಸಹಜವಾದ ದೌರ್ಬಲ್ಯವೆಂದು ಮನ್ನಿಸಿಬಿಡುತ್ತಾರೆ. ಇಬ್ಬರಿಗೂ ದೊರೆಯುವುದು ಅರ್ಧ ಕುವೆಂಪು ಮಾತ್ರ.

ಈ ಎರಡು ಅರ್ಧಗಳನ್ನು ಬೆಸೆಯುವ ಸೂತ್ರವು ಅವರದೇ ಒಂದು ಗದ್ಯಕೃತಿಯ ಹೆಸರಿನಲ್ಲಿ ಅಡಗಿದೆ: ‘ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ’. ಅಂಕುಶವೆಂದರೆ ಆನೆಯನ್ನು ಮಾವುತನ ಇಚ್ಛೆಗೆ ಒಳಪಡಿಸುವ ಆಯುಧ. ಕವಿಗಳು ನಿರಂಕುಶರೆಂಬುದು ಸಂಸ್ಕೃತದ ಹಳೆಯ ನುಡಿ. ಶಬ್ದಪ್ರಯೋಗದಲ್ಲಿ ಕವಿಗೆ ಇರುವ ಸಲುಗೆಯನ್ನು ಸೂಚಿಸಲು ಪಂಡಿತರು ಅದನ್ನು ಬಳಸುತ್ತ ಬಂದಿದ್ದಾರೆ. ಕುವೆಂಪು ಆ ವಿಶೇಷಣವನ್ನು ಕವಿಯ ಲೇಖನಿಯಿಂದ ತರುಣರ ಮತಿಗೆ ವರ್ಗಾಯಿಸಿದರು. ಆದರೆ ಆ ಸ್ವಾತಂತ್ರ್ಯ ಸ್ವೇಚ್ಛೆಯಲ್ಲ. ‘ಆತ್ಮಶ್ರೀಗಾಗಿ’ ಎಂಬ ಪದವು ಅದರ ಪ್ರಯೋಜನವನ್ನು ಹೇಳುತ್ತದೆ. ನಿರಂಕುಶಮತಿಯು ಸಾಧನ, ಆತ್ಮಶ್ರೀಯು ಸಾಧ್ಯ. ಸಾಧನವನ್ನು ಬಿಟ್ಟು ಸಾಧ್ಯವನ್ನು ಬಯಸುವುದು ಮೌಢ್ಯವಾಗುತ್ತದೆ. ಸಾಧ್ಯವನ್ನು ಮರೆತು ಸಾಧನದಲ್ಲೇ ನಿಲ್ಲುವುದು ಒಣತರ್ಕವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು ನಿರಂಕುಶಮತಿಗಳು ಹೇಗಾದಾರು? ಗುರುವಿಗೂ ಪುರೋಹಿತನಿಗೂ ಇರುವ ಅಂತರವನ್ನು ಅರಿತರೆ ಈ ಆಕ್ಷೇಪ ನಿಲ್ಲುವುದಿಲ್ಲ. ಗುರುವು ಶಿಷ್ಯನನ್ನು ಅವನ ಸ್ವಾನುಭವದ ಕಡೆಗೆ ನಡೆಸುತ್ತಾನೆ. ಪೌರೋಹಿತ್ಯವು ದೇವರಿಗೂ ಮನುಷ್ಯನಿಗೂ ನಡುವೆ ನಿಂತು ಸುಂಕ ಕೇಳುತ್ತದೆ. ಕುವೆಂಪು ನಿರಾಕರಿಸಿದ್ದು ಎರಡನೆಯದನ್ನು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಅವರು ನಡೆಸಿದ ರೀತಿಯೇ ಇದಕ್ಕೆ ನಿದರ್ಶನ. ಅಲ್ಲಿ ಪುರೋಹಿತರಿರಲಿಲ್ಲ, ಆಡಂಬರವಿರಲಿಲ್ಲ, ಆದರೆ ಮಂತ್ರವಿತ್ತು. ವಧೂವರರು ತಾವು ಆಡುವ ಮಾತಿನ ಅರ್ಥವನ್ನು ತಾವೇ ತಿಳಿಯಬೇಕೆಂಬುದು ‘ಮಂತ್ರ ಮಾಂಗಲ್ಯ’ದ ತಿರುಳು. ವಿಚಾರವು ಅಲ್ಲಿ ಪಾವಿತ್ರ್ಯವನ್ನು ಅಳಿಸಲಿಲ್ಲ, ಮರಳಿ ದೊರಕಿಸಿತು.

1928ರ ‘ಜಲಗಾರ’ ನಾಟಕವು ಇದೇ ತತ್ತ್ವದ ಮೊದಲ ಮೊಳಕೆ. ಊರ ಜನರೆಲ್ಲ ಶಿವಗುಡಿಗೆ ಧಾವಿಸುವಾಗ ಬೀದಿ ಗುಡಿಸುವವನು ತನ್ನ ಕೆಲಸದಲ್ಲಿ ತೊಡಗಿರುತ್ತಾನೆ. ಶಿವನು ಗುಡಿಯಲ್ಲಿ ಕಾಣಿಸಿಕೊಳ್ಳದೆ ಅವನೆಡೆಗೆ ಬರುತ್ತಾನೆ; ತಾನೂ ಜಗತ್ತಿನ ಜಲಗಾರನೆಂದು ತಿಳಿಸುತ್ತಾನೆ. ಕಾಯಕತತ್ತ್ವವನ್ನು ಬಲ್ಲ ಓದುಗರಿಗೆ ಈ ದೃಶ್ಯ ಹೊಸದೆನಿಸದು. ಹಾಗೆಂದು ಕುವೆಂಪು ಅವರನ್ನು ಶರಣಮಾರ್ಗದವರೆಂದು ಎಣಿಸುವುದು ಸಾಧುವಲ್ಲ. ಅವರ ದೀಕ್ಷೆ ಬೇರೆ, ದಾರಿ ಬೇರೆ. ಎಂಟು ಶತಮಾನಗಳ ಅಂತರದಲ್ಲಿ ಎರಡು ದಾರಿಗಳೂ ಒಂದೇ ನಿಲುವಿಗೆ ಬಂದುವೆಂಬುದೇ ಗಮನಾರ್ಹ.

ಮತಿಯನ್ನು ಬಿಡುಗಡೆಗೊಳಿಸುವ ಈ ಶಿಕ್ಷಣವನ್ನು ಅವರಿಗೆ ಮೊದಲು ನೀಡಿದ್ದು ಪ್ರಕೃತಿ. ಕುಪ್ಪಳಿಯ ಮನೆಯ ಮೇಲಣ ಕವಿಶೈಲದ ಬಂಡೆಗಳ ನಡುವೆ ಕುಳಿತು ಸೂರ್ಯೋದಯ, ಸೂರ್ಯಾಸ್ತಗಳನ್ನು ಕಂಡವರಿಗೆ ದರ್ಶನಕ್ಕೆ ಮಧ್ಯವರ್ತಿ ಬೇಕೆನಿಸಲಿಲ್ಲ. ಕಾಡಿನಲ್ಲಿ ಮೇಲುಕೀಳೆಂಬುದಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೆಗ್ಗಡೆಯ ಬದುಕಿಗೆ ಸಲ್ಲುವ ಗೌರವವೇ ಗುತ್ತಿಯ ಬದುಕಿಗೂ ಅವನ ನಾಯಿ ಹುಲಿಯನಿಗೂ ಸಲ್ಲುತ್ತದೆ. ತುಂಬಿದ ತುಂಗೆಯಲ್ಲಿ ಆ ನಾಯಿ ಕೊಚ್ಚಿಹೋಗುವಾಗ ಓದುಗನ ಕರುಳು ಕಲಕುವುದು ಈ ಸಮದೃಷ್ಟಿಯ ಫಲ.

ಪೂಜ್ಯವಾದುದನ್ನೂ ಪ್ರಶ್ನಿಸುವ ಧೈರ್ಯವು ಇಲ್ಲಿಂದಲೇ ಹುಟ್ಟಿತು. 1949ರಲ್ಲಿ ಪ್ರಕಟವಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಪರೀಕ್ಷೆಯು ಒಬ್ಬಳಿಗೇ ಏಕೆಂಬ ಪ್ರಶ್ನೆಯನ್ನು ಕೇಳದ ಕವಿಗೆ ಈ ದರ್ಶನ ದೊರೆಯುತ್ತಿರಲಿಲ್ಲ. ಪ್ರಶ್ನೆಯಿಂದ ರಾಮನ ಮಹಿಮೆ ಕುಂದಲಿಲ್ಲ, ಹಿಗ್ಗಿತು.

ಇಂದು ಶಾಲೆಗಳಲ್ಲಿ ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಐದು ಪದಗಳನ್ನು ಮಕ್ಕಳು ನಿರರ್ಗಳವಾಗಿ ಒಪ್ಪಿಸುತ್ತಾರೆ. ಒಪ್ಪಿಸುವ ಮಗು ಅರ್ಥವೇನೆಂದು ಎದ್ದು ಕೇಳಿದರೆ, ಸಹಪಂಕ್ತಿಯಲ್ಲಿ ಉಣ್ಣುವವರು ಊರಿನಲ್ಲಿ ಏಕೆ ಬೇರೆ ಬೇರೆ ಕೇರಿಗಳಲ್ಲಿದ್ದಾರೆಂದು ಕೇಳಿದರೆ, ಉಪಾಧ್ಯಾಯರು ಅದನ್ನು ಅವಿನಯವೆಂದು ಭಾವಿಸುವರೋ ವಿದ್ಯೆಯ ಆರಂಭವೆಂದು ಭಾವಿಸುವರೋ ಎಂಬುದರ ಮೇಲೆ ಆ ಪಾಠದ ಸಾರ್ಥಕ್ಯ ನಿಂತಿದೆ. ಮಠಗಳು ಅನ್ನದಾಸೋಹ, ಅಕ್ಷರದಾಸೋಹಗಳಿಂದ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಅರಿವನ್ನೇ ಗುರುವೆಂದು ಬಗೆದ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಪ್ರಶ್ನಿಸುವ ಮತಿಗೂ ಅದೇ ಪಂಕ್ತಿಯಲ್ಲಿ ಎಡೆಯಿಡಬೇಕು. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳ ಔದಾರ್ಯವೂ, ಅಲ್ಲಿ ಪಾಠ ಹೇಳುವವರ ಶ್ರಮವೂ ಸಫಲವಾಗುವುದು ಆಗಲೇ.