ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಪ್ರಶ್ನೆ: ದೊಡ್ಡಬಳ್ಳಾಪುರದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ತಾಲ್ಲೂಕು ಕಚೇರಿಗೆ ಬರುವವರ ಅರ್ಜಿ, ಮದುವೆ ಪತ್ರಿಕೆ, ಮಗ್ಗದವರ ಲೆಕ್ಕಪತ್ರ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದು ನಿಧಾನವಾಯಿತೆಂದು ಎಂಜಿನಿಯರಿಂಗ್ ಓದುವ ಮಗಳು ಉಬುಂಟು ಹಾಕಿಕೊಟ್ಟಳು. ಚೆನ್ನಾಗಿಯೇ ನಡೆಯುತ್ತಿತ್ತು. ಮೊನ್ನೆ ಅರ್ಜಿ ಟೈಪ್ ಮಾಡುವಾಗ ಕೀಬೋರ್ಡ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಮೌಸ್ ಓಡಾಡುತ್ತದೆ. ಕೀಲಿ ಒತ್ತಿ ಹಿಡಿದರೆ ಯಾವಾಗಲೋ ಒಂದು ಅಕ್ಷರ ಬೀಳುತ್ತದೆ. ಹೊಸ ಕೀಬೋರ್ಡ್ ತಂದರೂ ಅದೇ ಪಾಡು. ಮದರ್‌ಬೋರ್ಡ್ ಹೋಗಿರಬೇಕು, ಇಲ್ಲದಿದ್ದರೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಬೇಕು ಅನ್ನುತ್ತಾರೆ ರಿಪೇರಿಯವರು. ವರ್ಷಾನುಗಟ್ಟಲೆ ಫೈಲುಗಳಿವೆ. ಸಿಟ್ಟಿನಲ್ಲಿ ಮಗಳನ್ನು ಬೈದೆ. ಹಾಸ್ಟೆಲಿನಿಂದ ಅವಳು ಫೋನ್ ಮಾಡುವುದನ್ನೇ ಬಿಟ್ಟಿದ್ದಾಳೆ.
— ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ಒತ್ತಿ ಹಿಡಿದರೆ ಒಂದು ಅಕ್ಷರ ಬೀಳುತ್ತದೆ ಎಂದು ಬರೆದಿದ್ದೀರಲ್ಲ, ರೋಗದ ಗುರುತು ಅದೇ. ಮದರ್‌ಬೋರ್ಡ್ ಹೋಗಿದ್ದರೆ ಹೀಗಾಗುವುದು ಅಪರೂಪ. ನಿಮ್ಮ ಕಂಪ್ಯೂಟರಿನಲ್ಲಿ ‘ಸ್ಲೋ ಕೀಸ್’ ಚಾಲೂ ಆಗಿರುವಂತಿದೆ.

ಕೈ ನಡುಗುವವರಿಗೆ, ಬೆರಳು ಅಕ್ಕಪಕ್ಕದ ಕೀಲಿಗೆ ತಗಲುವವರಿಗೆ ಅನುಕೂಲವಾಗಲೆಂದು ಮಾಡಿದ ಸೌಲಭ್ಯ ಇದು. ಕೀಲಿಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿದರಷ್ಟೇ ಅಕ್ಷರ ಮೂಡುತ್ತದೆ, ತಟ್ಟಿ ಬಿಟ್ಟರೆ ಇಲ್ಲ. ಅಗತ್ಯವಿದ್ದವರಿಗೆ ದೊಡ್ಡ ಉಪಕಾರ. ಗೊತ್ತಿಲ್ಲದೆ ಚಾಲೂ ಆದರೆ ಕೀಬೋರ್ಡೇ ಕೆಟ್ಟಂತೆ ಕಾಣುತ್ತದೆ. ಕೀಬೋರ್ಡಿನಿಂದಲೇ ಇದನ್ನು ಚಾಲೂ ಮಾಡುವ ಅನುಮತಿ ಸೆಟ್ಟಿಂಗ್ಸ್‌ನಲ್ಲಿ ತೆರೆದಿದ್ದರೆ, ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಸಾಕು.

ಕನ್ನಡ ಟೈಪ್ ಮಾಡುವವರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕೀಲಿವಿನ್ಯಾಸದಲ್ಲಿ ಖ, ಘ, ಣ, ಳ, ಶ ಎಲ್ಲಕ್ಕೂ ಶಿಫ್ಟ್ ಬೇಕು. ‘ಹಳ್ಳಿ’ ಬರೆಯಲು ಕಿರುಬೆರಳು ಶಿಫ್ಟ್ ಮೇಲಿಟ್ಟು, ‘ಯಾವ ಹೋಬಳಿ, ಸರ್ವೆ ನಂಬರ್ ಎಷ್ಟು?’ ಎಂದು ಕೇಳುತ್ತೀರಿ. ಗಿರಾಕಿ ಜೇಬಿನಿಂದ ಪಹಣಿ ತೆಗೆದು ಬಿಡಿಸುವಷ್ಟರಲ್ಲಿ 8 ಸೆಕೆಂಡು ಆಗಿಹೋಗಿರುತ್ತದೆ.

ಈಗ ಶಿಫ್ಟ್ ಅನ್ನು ಮತ್ತೆ 8 ಸೆಕೆಂಡು ಒತ್ತಿ ಹಿಡಿಯಿರಿ. ಸರಿಹೋದರೆ ಸಂತೋಷ. ಹೋಗದಿದ್ದರೆ ಮೌಸ್ ಸಾಕು: ಬಲಮೇಲ್ತುದಿಯ ಮೆನುವಿನಿಂದ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೈಪಿಂಗ್ ಎಂದು ಒಳಗೆ ಹೋಗಿ. ಸ್ಲೋ ಕೀಸ್ ಜೊತೆಗೆ ಬೌನ್ಸ್ ಕೀಸ್, ಸ್ಟಿಕ್ಕಿ ಕೀಸ್ ಕೂಡ ಆಫ್ ಮಾಡಿ. ಅಲ್ಲೇ ಇರುವ ‘ಎನೇಬಲ್ ಬೈ ಕೀಬೋರ್ಡ್’ ಅನ್ನು ಮರೆಯದೆ ಆಫ್ ಮಾಡಿ. ಅದು ಉಳಿದರೆ ನಾಳೆ ಇನ್ನೊಂದು ಅರ್ಜಿಯ ಹೊತ್ತಿಗೆ ಇದೇ ಕಾಟ. ಪಾಸ್‌ವರ್ಡ್ ಹಾಕಬೇಕಾದರೆ ಲಾಗಿನ್ ಪರದೆಯ ಆಕ್ಸೆಸಿಬಿಲಿಟಿ ಚಿಹ್ನೆಯಲ್ಲಿ ‘ಸ್ಕ್ರೀನ್ ಕೀಬೋರ್ಡ್’ ಇದೆ, ಮೌಸಿನಿಂದಲೇ ಅಕ್ಷರ ಒತ್ತಬಹುದು. ಪಾಸ್‌ವರ್ಡ್ ಸರಿಯಿದ್ದೂ ಒಪ್ಪದಿದ್ದರೆ ಮೂಲೆಯಲ್ಲಿ ಭಾಷೆ ಕನ್ನಡದಲ್ಲಿದೆಯೇ ನೋಡಿ, ಇಂಗ್ಲಿಷಿಗೆ ಬದಲಿಸಿ.

ಸ್ಲೋ ಕೀಸ್ ಮೊದಲೇ ಆರಿದ್ದರೆ? ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಉಬುಂಟು ಇನ್ನೂ ಎದ್ದಿರುವುದಿಲ್ಲ. ಅಲ್ಲಿ ಬಾಣದ ಕೀಲಿಗಳು ಓಡಾಡಿದರೆ ಕೀಬೋರ್ಡೂ ಅದರ ಪೋರ್ಟೂ ಚೆನ್ನಾಗಿವೆ ಎಂದೇ ಅರ್ಥ. ಏನನ್ನೂ ಬದಲಿಸದೆ ಹೊರಬನ್ನಿ. ಆಗ ಅನುಮಾನ ಐಬಸ್ ಮೇಲೆ, ಅಂದರೆ ಕನ್ನಡ ಅಕ್ಷರ ಮೂಡಿಸುವ ಕಾರ್ಯಕ್ರಮದ ಮೇಲೆ. ಅದು ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಬಯಾಸ್‌ನಲ್ಲೂ ಕೀಲಿಗಳು ಅಲ್ಲಾಡದಿದ್ದರೆ ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡಿ. ನಿಮ್ಮದು ದುಂಡು ಪಿನ್ನಿನ ಹಳೇ ಕೀಬೋರ್ಡಾದರೆ ಕಂಪ್ಯೂಟರ್ ಆರಿಸಿಯೇ ಸಿಕ್ಕಿಸಬೇಕು.

ಏನೇ ಮಾಡುವ ಮೊದಲು ಪೆನ್‌ಡ್ರೈವ್ ಹಾಕಿ, ಫೈಲುಗಳನ್ನು ಮೌಸಿನಿಂದಲೇ ನಕಲು ಮಾಡಿಟ್ಟುಕೊಳ್ಳಿ. ಮದರ್‌ಬೋರ್ಡ್ ನಿಜಕ್ಕೂ ಕೆಟ್ಟಿದ್ದರೂ ಫಾರ್ಮ್ಯಾಟ್‌ನಿಂದ ಅದು ಸರಿಯಾಗುವುದಿಲ್ಲ, ನಿಮ್ಮ ಫೈಲುಗಳು ಮಾತ್ರ ಹೋಗುತ್ತವೆ. ವಿಂಡೋಸ್ ಹಾಕಿದರೂ ಈ ತೊಂದರೆ ತಪ್ಪುವುದಿಲ್ಲ. ಅಲ್ಲಿಯೂ ಬಲಗಡೆಯ ಶಿಫ್ಟ್ 8 ಸೆಕೆಂಡು ಹಿಡಿದರೆ ‘ಫಿಲ್ಟರ್ ಕೀಸ್’ ಎದ್ದು ಕೂರುತ್ತದೆ. ಹತ್ತಿರದಲ್ಲಿ ಕೇಳುವವರಿಲ್ಲವೆಂದು ಹೆದರಬೇಡಿ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಕೊಟ್ಟ ತರಬೇತಿಯಲ್ಲಿ ಉಬುಂಟುವನ್ನೇ ಬಳಸಿದ್ದರು. ನಿಮ್ಮೂರಿನ ಮೇಷ್ಟ್ರುಗಳಲ್ಲಿ ಅದನ್ನು ಬಲ್ಲವರು ಸಿಕ್ಕಾರು.

ಇನ್ನು ಮಗಳ ವಿಷಯ. ಹಳೇ ಯಂತ್ರಕ್ಕೆ ಜೀವ ಕೊಟ್ಟು ಅಮ್ಮನ ಖರ್ಚು ಉಳಿಸಿದ ಹುಡುಗಿ ಅವಳು. ಅವಳು ಮಾಡಿದ್ದರಲ್ಲಿ ತಪ್ಪಿಲ್ಲ. ಕೀಬೋರ್ಡ್ ಸರಿಹೋಗುವವರೆಗೆ ಕಾಯಬೇಡಿ, ಇವತ್ತು ಸಂಜೆ ನೀವೇ ಫೋನ್ ಮಾಡಿ. ‘ಬೈದದ್ದು ನನ್ನ ತಪ್ಪು ಕಣೇ’ ಎಂದು ಮೊದಲು ಹೇಳಿ. ಆಮೇಲೆ ಸೆಟ್ಟಿಂಗ್ಸ್ ತೆರೆದು ಅವಳನ್ನೇ ಕೇಳುತ್ತಾ ಒಂದೊಂದಾಗಿ ಆರಿಸಿ.