ಟಿವಿ ಬ್ರಾಕೆಟ್ ಕೊಳ್ಳುವ ಮೊದಲು ಗೋಡೆ ತಟ್ಟಿ ನೋಡಿ

ಟಿವಿ ಆರಿಸಲು ವಾರಗಟ್ಟಲೆ ವಿಚಾರಿಸುವ ನಾವು, ಅದನ್ನು ಗೋಡೆಗೆ ಹಾಕುವ ಬ್ರಾಕೆಟ್ ವಿಷಯಕ್ಕೆ ಬಂದಾಗ ಅಂಗಡಿಯವರು ಕೈಗಿತ್ತದ್ದನ್ನೇ ತಂದುಬಿಡುತ್ತೇವೆ. ಅದೇ ಗೋಡೆಯ ಕೆಳಗೆ ಮಕ್ಕಳು ಆಡುತ್ತಾರೆ, ಮನೆಯ ಹಿರಿಯರು ಕೂತು ಧಾರಾವಾಹಿ ನೋಡುತ್ತಾರೆ. ಹೀಗಾಗಿ ಆ ಕಬ್ಬಿಣದ ತುಂಡಿಗೆ ಅರ್ಧ ಗಂಟೆಯ ಗಮನ ಕೊಡುವುದು ನ್ಯಾಯ. ಮೊದಲ ಬಾರಿ ಬ್ರಾಕೆಟ್ ಕೊಳ್ಳುವವರು ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಭಾರ ಯಾವ ದಾರಿಯಲ್ಲಿ ಸಾಗುತ್ತದೆಂದು ತಿಳಿಯೋಣ. ಟಿವಿಯ ತೂಕ ಅದರ ಬೆನ್ನಿನ ಸ್ಕ್ರೂಗಳ ಮೂಲಕ ಬ್ರಾಕೆಟ್‌ಗೆ ಬರುತ್ತದೆ. ಅಲ್ಲಿಂದ ಗೋಡೆಯ ಬೋಲ್ಟುಗಳಿಗೆ, ಕೊನೆಗೆ ಗೋಡೆಗೆ. ಈ ದಾರಿಯಲ್ಲಿ ಬ್ರಾಕೆಟ್ಟಿನ ಉಕ್ಕು ಮುರಿಯುವುದು ಅಪರೂಪ. ಬೋಲ್ಟು ಗೋಡೆಯಿಂದ ಕಿತ್ತು ಬರುವುದೇ ಹೆಚ್ಚು. ಆದ್ದರಿಂದ ಆಯ್ಕೆಯನ್ನು ಅಂಗಡಿಯಿಂದಲ್ಲ, ನಿಮ್ಮ ಗೋಡೆಯಿಂದ ಶುರುಮಾಡಿ.

ಕರ್ನಾಟಕದ ಮನೆಗಳಲ್ಲಿ ಗೋಡೆ ಒಂದೇ ಬಗೆಯದಲ್ಲ. ಹಳೆಯ ಬಡಾವಣೆಗಳಲ್ಲಿ ಸುಟ್ಟ ಇಟ್ಟಿಗೆ, ಈಚಿನ ಮನೆಗಳಲ್ಲಿ ಸಾಲಿಡ್ ಸಿಮೆಂಟ್ ಬ್ಲಾಕ್, ಕೆಲವೆಡೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್, ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಹಗುರವಾದ ಎಎಸಿ ಬ್ಲಾಕ್, ಕರಾವಳಿಯಲ್ಲಿ ಕೆಂಪುಕಲ್ಲು, ಹಳ್ಳಿಯ ಹಳೆ ಮನೆಗಳಲ್ಲಿ ಮಣ್ಣಿನ ಗೋಡೆ. ಹೊರಗೆ ಗಾರೆ ಹಚ್ಚಿ ಬಣ್ಣ ಬಳಿದ ಮೇಲೆ ಎಲ್ಲವೂ ಕಣ್ಣಿಗೆ ಒಂದೇ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕೊಂಚ ಸುಳಿವು ಸಿಗುತ್ತದೆ: ಗಟ್ಟಿ ಗೋಡೆ ಮಂದವಾಗಿ ಸದ್ದು ಮಾಡುತ್ತದೆ, ಜಿಪ್ಸಮ್ ಹಲಗೆಯ ಗೋಡೆ ಡಬಡಬ ಎನ್ನುತ್ತದೆ. ನಿಜ ಹೇಳುವುದು ಡ್ರಿಲ್ಲಿನ ಪುಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಕರಾವಳಿಯಾದರೆ ಕೆಂಪುಕಲ್ಲೂ ಇರಬಹುದು. ಬೂದು ಬಣ್ಣದ ಒರಟು ಪುಡಿಯಾದರೆ ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್. ಬಿಳಿಚಿದ ಹಿಟ್ಟಿನಂಥ ಪುಡಿ ಉದುರಿ, ಡ್ರಿಲ್ ಸಲೀಸಾಗಿ ಒಳಹೋದರೆ ಅದು ಎಎಸಿ. ಒಂದಿಂಚು ಹೋಗುತ್ತಿದ್ದಂತೆ ಡ್ರಿಲ್ ಗಕ್ಕನೆ ಮುಂದಕ್ಕೆ ನುಗ್ಗಿದರೆ ಹಾಲೋ ಬ್ಲಾಕಿನ ಟೊಳ್ಳು ಸಿಕ್ಕಿದೆ ಎಂದರ್ಥ. ಟಿವಿ ಮರೆಮಾಡುವ ಜಾಗದಲ್ಲಿ ಸಣ್ಣ ರಂಧ್ರವೊಂದನ್ನು ಕೊರೆಸಿ ಇದನ್ನು ಮೊದಲೇ ತಿಳಿದುಕೊಳ್ಳಬಹುದು.

ಇಟ್ಟಿಗೆ, ಸಾಲಿಡ್ ಬ್ಲಾಕ್, ಕಾಂಕ್ರೀಟ್ ಆಗಿದ್ದರೆ ಚಿಂತೆ ಕಡಿಮೆ. ಒಳ್ಳೆಯ ನೈಲಾನ್ ಪ್ಲಗ್ ಮತ್ತು ದಪ್ಪ ಸ್ಕ್ರೂ ಸಾಕು. ಸ್ಕ್ರೂ ಒಳಹೋದಂತೆ ಹಿಗ್ಗಿ ಗೋಡೆಯನ್ನು ಬಿಗಿಹಿಡಿಯುವ ಈ ನೈಲಾನ್ ಪ್ಲಗ್ ಅನ್ನು 1958ರಲ್ಲಿ ರೂಪಿಸಿದವರು ಜರ್ಮನಿಯ ಆರ್ಟುರ್ ಫಿಷರ್. ಕಬ್ಬಿಣದ ಆಂಕರ್ ಬೋಲ್ಟ್ ಕಾಂಕ್ರೀಟಿಗೆ ಬಹಳ ಒಳ್ಳೆಯದು. ಆದರೆ ಅದು ಅಕ್ಕಪಕ್ಕಕ್ಕೆ ಬಲವಾಗಿ ಒತ್ತಿಯೇ ನಿಲ್ಲುವುದರಿಂದ ಎಎಸಿ, ಹಾಲೋ ಬ್ಲಾಕ್, ಮೆತ್ತನೆಯ ಕೆಂಪುಕಲ್ಲಿನಲ್ಲಿ ಗೋಡೆಯನ್ನೇ ಒಡೆಯಬಹುದು. "ಆಂಕರ್ ಹಾಕಿದ್ದೇವೆ, ಭದ್ರವಾಗಿದೆ" ಎಂದು ಫಿಟ್ಟರ್ ಹೇಳಿದಾಗ ಯಾವ ಗೋಡೆಗೆ ಎಂದು ಕೇಳಿ. ಎಎಸಿಗೆ ಅದಕ್ಕೆಂದೇ ಮಾಡಿದ ಉದ್ದನೆಯ ನೈಲಾನ್ ಪ್ಲಗ್ ಬೇಕು. ಟಿವಿ ಭಾರವಾಗಿದ್ದರೆ, ರಂಧ್ರಕ್ಕೆ ಅಂಟುರಸ ತುಂಬಿ ಬೋಲ್ಟ್ ನಿಲ್ಲಿಸುವ ಕೆಮಿಕಲ್ ಆಂಕರ್ ಬೇಕು. ಹಾಲೋ ಬ್ಲಾಕಿನಲ್ಲಿ ಆ ರಸ ಟೊಳ್ಳಿಗೆ ಸುರಿದುಹೋಗದಂತೆ ಜಾಲರಿಯ ಕೊಳವೆಯನ್ನೂ ಹಾಕಬೇಕು. ಬರೀ ಜಿಪ್ಸಮ್ ಹಲಗೆಗೆ ದೊಡ್ಡ ಟಿವಿ ಹಾಕಲೇಬೇಡಿ. ಹಿಂದಿನ ಲೋಹದ ಚೌಕಟ್ಟಿಗೋ ಅಲ್ಲಿ ಕೂರಿಸಿದ ದಪ್ಪ ಪ್ಲೈವುಡ್‌ಗೋ ಬಿಗಿಯಬೇಕು. ಮಣ್ಣಿನ ಗೋಡೆಯಾಗಿದ್ದರೆ ನನ್ನ ಸಲಹೆ ಸ್ಪಷ್ಟ: ಟಿವಿಯನ್ನು ಮೇಜಿನ ಮೇಲಿಡಿ.

ಇನ್ನೊಂದು ಮಾತು. ಗೋಡೆಯ ಮೇಲಿನ ಗಾರೆಯೇ ಅರ್ಧ ಇಂಚಿಗೂ ಹೆಚ್ಚು ದಪ್ಪವಿರುತ್ತದೆ, ಅದು ಭಾರ ಹೊರುವುದಿಲ್ಲ. ಬ್ರಾಕೆಟ್ ಪೆಟ್ಟಿಗೆಯಲ್ಲಿ ಬರುವ ಗಿಡ್ಡ ಪ್ಲಗ್‌ಗಳ ಅರ್ಧಭಾಗ ಗಾರೆಯಲ್ಲೇ ಉಳಿದುಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದನೆಯ ಒಳ್ಳೆಯ ಪ್ಲಗ್, ಸ್ಕ್ರೂ ಬೇರೆಯೇ ಕೊಳ್ಳಿ. ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಭದ್ರತೆ ಸಿಗುವುದು ಇಲ್ಲಿಯೇ.

ಈಗ ಟಿವಿಯ ಬೆನ್ನು ನೋಡಿ. ಅಲ್ಲಿ ನಾಲ್ಕು ರಂಧ್ರಗಳಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ವೆಸಾ ಅಳತೆ ಎನ್ನುತ್ತಾರೆ. ಮಿಲಿಮೀಟರಿನಲ್ಲಿ ಮೊದಲು ಅಡ್ಡ, ಆಮೇಲೆ ಉದ್ದ: 100×100, 200×200, 400×400 ಹೀಗೆ. ಇಂಚಿನ ಲೆಕ್ಕದಲ್ಲಿ ಬ್ರಾಕೆಟ್ ಕೇಳಬೇಡಿ. ಒಂದೇ 43 ಇಂಚಿನ ಎರಡು ಟಿವಿಗಳ ರಂಧ್ರಗಳು ಬೇರೆಬೇರೆ ಇರಬಹುದು. ಟೇಪು ಹಿಡಿದು ಅಳೆಯಿರಿ, ಕೈಪಿಡಿಯಲ್ಲಿ ತೂಕ ನೋಡಿ. ಸ್ಟ್ಯಾಂಡಿನ ಕಾಲು ಬಿಟ್ಟು 32 ಇಂಚಿನದು ಸುಮಾರು 4ರಿಂದ 5 ಕಿಲೋ, 55 ಇಂಚಿನದು ಸಾಮಾನ್ಯವಾಗಿ 12ರಿಂದ 18 ಕಿಲೋ ಇರುತ್ತದೆ. ಬ್ರಾಕೆಟ್ ಮೇಲೆ ಬರೆದ ತೂಕ ಇದರ ಎರಡು ಪಟ್ಟಾದರೂ ಇರಲಿ. ಅಮೆರಿಕದ ಯುಎಲ್ ಮಾನದಂಡದ ಪರೀಕ್ಷೆಯಲ್ಲಿ ಬರೆದ ತೂಕದ ನಾಲ್ಕು ಪಟ್ಟು ಭಾರ ಹೇರಿ ನೋಡುತ್ತಾರೆ. ಆ ಗುರುತು ಇದ್ದರೆ ನಂಬಿಕೆಗೆ ಆಧಾರವಿದೆ.

ಬ್ರಾಕೆಟ್ಟುಗಳಲ್ಲಿ ಮೂರು ಬಗೆ: ಗೋಡೆಗೆ ಅಂಟಿಕೊಂಡಂತೆ ನಿಲ್ಲುವ ಫಿಕ್ಸೆಡ್, ಮುಂದಕ್ಕೆ ಬಾಗುವ ಟಿಲ್ಟ್, ತೋಳು ಚಾಚಿ ಅತ್ತಿತ್ತ ತಿರುಗುವ ಫುಲ್ ಮೋಷನ್. ಮೂರನೆಯದನ್ನು ಕಂಡರೆ ಎಲ್ಲರಿಗೂ ಆಸೆ. ಆದರೆ ತುಂಬಿದ ಕೊಡವನ್ನು ಸೊಂಟದಲ್ಲಿ ಹೊತ್ತು ಎಷ್ಟು ದೂರ ಬೇಕಾದರೂ ನಡೆಯಬಹುದು, ಅದನ್ನೇ ಕೈ ಚಾಚಿ ಹಿಡಿದರೆ ನಿಮಿಷವೂ ನಿಲ್ಲಲಾಗದು. ಲೆಕ್ಕ ಹಾಕಿ: 15 ಕಿಲೋ ಟಿವಿ ಗೋಡೆಯಿಂದ 50 ಸೆಂಟಿಮೀಟರ್ ಮುಂದೆ ಬಂದಿದೆ, ಗೋಡೆಯ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 25 ಸೆಂಟಿಮೀಟರ್ ಇದೆ. ಆಗ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಎಳೆಯುವ ಬಲ 30 ಕಿಲೋ ತೂಕದಷ್ಟು. ತೋಳಿನ ಸ್ವಂತ ತೂಕ ಇದರ ಮೇಲೆ ಬೇರೆ. ಮಗುವೊಂದು ಟಿವಿಯ ಅಂಚು ಹಿಡಿದು ಜೋತುಬಿದ್ದರಂತೂ ಇದು ಎಲ್ಲಿಗೋ ಹೋಗುತ್ತದೆ. ಹಾಲ್‌ನಲ್ಲಿ ಕೂರುವ ಜಾಗ ಒಂದೇ ಕಡೆ ಇದ್ದರೆ ತೋಳಿನ ಬ್ರಾಕೆಟ್ ಬೇಡವೇ ಬೇಡ. ಹಾಲ್‌ಗೂ ಅಡುಗೆಮನೆಗೂ ತಿರುಗಿಸಲೇಬೇಕೆಂದಿದ್ದರೆ ಗಟ್ಟಿ ಗೋಡೆಯಲ್ಲಿ, ಎರಡು ತೋಳಿನದನ್ನೇ ಹಾಕಿಸಿ.

ಟಿಲ್ಟ್ ಬೇಕಾಗುವುದು ಟಿವಿ ಎತ್ತರದಲ್ಲಿದ್ದಾಗ, ಅಥವಾ ಎದುರಿನ ಕಿಟಕಿಯ ಬೆಳಕು ಪರದೆಯಲ್ಲಿ ಹೊಳೆಯುವಾಗ. ಎತ್ತರವನ್ನೇ ಸರಿಯಾಗಿ ಇಟ್ಟರೆ ಅದರ ಅಗತ್ಯವೂ ಕಡಿಮೆ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕೂತರೆ ಅದು ನೆಲದಿಂದ ಸುಮಾರು ಮೂರೂವರೆ ಅಡಿ, ಚಾಪೆ ಹಾಸಿ ಕೂರುವ ಮನೆಯಲ್ಲಿ ಇನ್ನೂ ಕೆಳಗೆ. ಬಾಗಿಲಿನ ಎತ್ತರಕ್ಕೆ ಟಿವಿ ಹಾಕಿ ಮನೆಮಂದಿಯೆಲ್ಲ ಕತ್ತು ನೋಯಿಸಿಕೊಳ್ಳುವುದು ಬೇಡ.

ಅಂಗಡಿಯಲ್ಲಿ ಬ್ರಾಕೆಟ್ ಕೈಗೆತ್ತಿಕೊಂಡಾಗ ಎರಡೂ ತುದಿ ಹಿಡಿದು ತಿರುಚಿ ನೋಡಿ, ಬಳುಕಬಾರದು. ದೊಡ್ಡ ಟಿವಿಗೆ ತಗಡಿನ ದಪ್ಪ 2 ಮಿಲಿಮೀಟರ್ ಆದರೂ ಇರಲಿ. ಬೆಸುಗೆ ಸುತ್ತಲೂ ಕೂಡಿದೆಯೇ, ರಂಧ್ರದ ಅಂಚು ನಯವಾಗಿದೆಯೇ ಎಂದು ಬೆರಳಾಡಿಸಿ. ಟಿವಿಯನ್ನು ತಗುಲಿಸಿದ ಮೇಲೆ ಅದು ಮೇಲಕ್ಕೆ ಜಿಗಿದು ಕಳಚದಂತೆ ತಡೆಯುವ ಲಾಕ್ ಅಥವಾ ಸ್ಕ್ರೂ ಇರಲೇಬೇಕು. ಅದಿಲ್ಲದ ಬ್ರಾಕೆಟ್ ಎಷ್ಟೇ ಅಗ್ಗವಾದರೂ ಬೇಡ. ಕರಾವಳಿಯವರು, ಮಲೆನಾಡಿನವರು ಬಣ್ಣದ ಲೇಪನ ಎಲ್ಲೂ ಎದ್ದಿಲ್ಲವೆಂದು ನೋಡಿ, ಬೋಲ್ಟುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವೇ ಕೊಳ್ಳಿ. ಉಪ್ಪುಗಾಳಿ, ಮಳೆಗಾಲದ ತೇವ ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತವೆ.

ಟಿವಿಯ ಬೆನ್ನಿಗೆ ಹಾಕುವ ಸ್ಕ್ರೂ ಕೈಪಿಡಿಯಲ್ಲಿ ಹೇಳಿದ ದಪ್ಪ, ಉದ್ದದ್ದೇ ಆಗಿರಬೇಕು. ಉದ್ದವಾದರೆ ಒಳಗಿನ ಭಾಗಕ್ಕೆ ತಗುಲುತ್ತದೆ, ಗಿಡ್ಡವಾದರೆ ಹಿಡಿತ ಸಿಗುವುದಿಲ್ಲ.

ಕೊರೆಯುವ ದಿನ ನೀವು ಎದುರಿಗಿರಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವೈರಿನ ಪೈಪ್ ಹೋಗಿರುತ್ತದೆ, ಬಚ್ಚಲುಮನೆಯ ಹಿಂಗೋಡೆಯಲ್ಲಿ ನೀರಿನ ಪೈಪ್ ಇರಬಹುದು. ಅಲ್ಲಿ ಕೊರೆಯಬಾರದು. ಮೆತ್ತನೆಯ ಗೋಡೆಯಲ್ಲಿ ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಲು ಹೇಳಿ, ಇಲ್ಲವಾದರೆ ರಂಧ್ರ ಅಗಲವಾಗಿ ಪ್ಲಗ್ ಸಡಿಲವಾಗುತ್ತದೆ. ರಂಧ್ರದ ಪುಡಿಯನ್ನು ಊದಿ ತೆಗೆಸಿ, ರಸಮಟ್ಟ ಇಟ್ಟು ನೋಡಿ. ಟಿವಿ ಏರಿಸುವ ಮೊದಲು ಬರೀ ಬ್ರಾಕೆಟ್ಟನ್ನು ಎರಡೂ ಕೈಯಿಂದ ಜೋರಾಗಿ ಕೆಳಕ್ಕೂ ಹೊರಕ್ಕೂ ಎಳೆಯಿರಿ. ಕೂದಲೆಳೆಯಷ್ಟು ಅಲುಗಿದರೂ ಆ ರಂಧ್ರ ಬಿಟ್ಟು ಬೇರೆ ಜಾಗದಲ್ಲಿ ಕೊರೆಸಿ. ಆಮೇಲೂ ವರ್ಷಕ್ಕೊಮ್ಮೆ ಸ್ಕ್ರೂ ಬಿಗಿಮಾಡಿ. ಬ್ರಾಕೆಟ್ಟಿಗೂ ಗೋಡೆಗೂ ನಡುವೆ ಸಂದು ಕಂಡರೆ, ಬೋಲ್ಟಿನ ಸುತ್ತ ಗಾರೆ ಬಿರಿದಿದ್ದರೆ, ಟಿವಿಯನ್ನು ಅಂದೇ ಕೆಳಗಿಳಿಸಿ.