ನೇತ್ರಾಣಿಗೆ ಹೊರಟವರ ಕೈಗೆ ಎಂಥ ಕ್ಯಾಮೆರಾ?

ಗೋವಿನಜೋಳದ ರಾಶಿ ಮುಗಿದು, ಮಾರಿದ ದುಡ್ಡು ಕೈ ಸೇರುವ ಹೊತ್ತಿಗೆ ಅರಬ್ಬೀ ಸಮುದ್ರವೂ ಮಳೆಗಾಲದ ಅಬ್ಬರ ಕಳೆದು ತಿಳಿಯಾಗಿರುತ್ತದೆ. ಚಿಕ್ಕೇರೂರು, ಹಂಸಭಾವಿ, ತಿಳವಳ್ಳಿ ಕಡೆಯ ಹುಡುಗರು ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋಗುವುದು ಈಗ ದೇವರ ದರ್ಶನಕ್ಕಷ್ಟೇ ಅಲ್ಲ. ಅಲ್ಲಿಂದ ಸುಮಾರು 19 ಕಿ.ಮೀ. ದೂರ ಕಡಲಲ್ಲಿರುವ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬರಬೇಕೆಂಬ ಆಸೆ ಹಲವರಿಗೆ. ಈ ಕಡಲಾಳವನ್ನೂ ತೋರಿಸಿದ ಪುನೀತ್ ರಾಜ್‌ಕುಮಾರ್ ಅವರ ಚಿತ್ರ ‘ಗಂಧದ ಗುಡಿ’ 2022ರಲ್ಲಿ ತೆರೆಕಂಡ ಮೇಲಂತೂ ಆ ಆಸೆ ಇನ್ನಷ್ಟು ಹೆಚ್ಚಿದೆ. ಹೊರಡುವ ಮುಂಚೆ ಬರುವ ಪ್ರಶ್ನೆ ಒಂದೇ: ನೀರೊಳಗೆ ಫೋಟೊ ತೆಗೆಯಲು ಯಾವ ಕ್ಯಾಮೆರಾ ತಗೊಳ್ಳೋದು, ಎಷ್ಟು ದುಡ್ಡು ಹಾಕೋದು?

ಮೊದಲ ಸಲ ಕೈ ಖಾಲಿ ಇರಲಿ

ಮೊದಲ ಡೈವ್‌ಗೆ ಯಾವ ಕ್ಯಾಮೆರಾವನ್ನೂ ಕೊಳ್ಳಬೇಡಿ. ದುಡ್ಡು ಉಳಿಸಲೆಂದಷ್ಟೇ ಈ ಮಾತು ಹೇಳುತ್ತಿಲ್ಲ. ತರಬೇತುದಾರರು ಕೈ ಹಿಡಿದು ಇಳಿಸುವ ಪರಿಚಯ ಡೈವ್‌ನಲ್ಲಿ ಆಳ 12 ಮೀಟರ್ ದಾಟುವುದಿಲ್ಲ, ಆದರೂ ಕಲಿಯುವುದು ಬೇಕಾದಷ್ಟಿರುತ್ತದೆ. ಬಾಯಿಂದಲೇ ಉಸಿರಾಡಬೇಕು, ಮೂಗು ಹಿಡಿದು ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು, ಮಾಸ್ಕಿಗೆ ನುಗ್ಗಿದ ನೀರನ್ನು ಹೊರಹಾಕಬೇಕು. ಇದರ ನಡುವೆ ಕೈಯಲ್ಲಿ ಕ್ಯಾಮೆರಾ ಇದ್ದರೆ ಗಮನವೆಲ್ಲ ಅದರ ಮೇಲೇ.

ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಫೋಟೊ ಅಲುಗಾಡದಿರಲಿ ಎಂದು ನಾವು ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತೇವೆ. ನೆಲದ ಮೇಲೆ ಅದರಿಂದ ಏನೂ ಆಗದು. ಸಿಲಿಂಡರಿನ ಗಾಳಿ ಉಸಿರಾಡುತ್ತಿರುವಾಗ ಹಾಗೆ ಉಸಿರು ಕಟ್ಟಿಕೊಂಡು ಒಂದೆರಡು ಮೀಟರ್ ಮೇಲೆ ಬಂದರೂ ಸಾಕು, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗಬಹುದು. ನೀರೊಳಗೆ ಉಸಿರು ನಿಲ್ಲಿಸಲೇಬಾರದು ಎಂಬುದು ಡೈವಿಂಗ್‌ನ ಮೊದಲ ನಿಯಮ. ಅದು ಮೈಗೂಡಿದ ಮೇಲೆ ಕ್ಯಾಮೆರಾದ ಮಾತು.

ಹಾಗಾದರೆ ನೆನಪಿಗೆ ಫೋಟೊ ಬೇಡವೇ? ಬೇಕು. ಡೈವ್ ಮಾಡಿಸುವವರಲ್ಲಿ ಹೆಚ್ಚಿನವರು ತಾವೇ ಫೋಟೊ, ವಿಡಿಯೊ ತೆಗೆದುಕೊಡುತ್ತಾರೆ. ಬುಕ್ ಮಾಡುವಾಗಲೇ ಕೇಳಿ: ಹೇಳಿದ ದರದಲ್ಲಿ ಅದೂ ಸೇರಿದೆಯೇ, ಎಷ್ಟು ನಿಮಿಷದ ವಿಡಿಯೊ ಸಿಗುತ್ತದೆ, ಮೂಲ ಫೈಲ್ ಕೊಡುತ್ತಾರೆಯೇ? ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗಿ ಮೀನಿನ ಬಣ್ಣವೆಲ್ಲ ಕಲಸಿಹೋಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಓಟಿಜಿ ಪೆನ್‌ಡ್ರೈವ್ ಒಯ್ದು ಅಲ್ಲೇ ತುಂಬಿಸಿಕೊಳ್ಳಿ.

ಡಬ್ಬಿಯ ಮೇಲಿನ ಮೀಟರ್ ಓದಿ

ಡೈವಿಂಗ್ ಹಿಡಿಸಿತು, ಇನ್ನೊಮ್ಮೆ ಹೋಗುವುದು ಖಂಡಿತ ಎಂದಾದರೆ ಈಗ ಅಂಗಡಿಗೆ ಹೋಗಿ. ಮೊದಲು ನೋಡಬೇಕಾದ್ದು ಮೆಗಾಪಿಕ್ಸೆಲ್ ಅಲ್ಲ, ಆಳದ ಅಂಕಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಮೇಲ್ಮೈಯಲ್ಲಿರುವ ಗಾಳಿಯ ಒತ್ತಡದಷ್ಟೇ ಒತ್ತಡ ಮತ್ತೆ ಸೇರುತ್ತದೆ. ಅಂದರೆ 10 ಮೀಟರ್‌ನಲ್ಲಿ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು.

‘ನಮ್ಮ ಮೊಬೈಲ್ ವಾಟರ್‌ಪ್ರೂಫ್’ ಎಂದು ನಂಬಿ ಇಳಿಯುವವರಿದ್ದಾರೆ. ಐಪಿ68 ಎಂಬ ಗುರುತು ಅಲುಗಾಡದ ಸಿಹಿನೀರಿನಲ್ಲಿ, ಕಂಪನಿ ಹೇಳಿದಷ್ಟು ಆಳಕ್ಕೆ, ಹೇಳಿದಷ್ಟು ಹೊತ್ತಿಗೆ ಮಾತ್ರ. ಉಪ್ಪುನೀರು ಅದರ ಲೆಕ್ಕದಲ್ಲೇ ಇಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಚೀಲ ದೋಣಿಯಲ್ಲಿ ಎರಚುವ ನೀರಿಗೆ, ಹೆಚ್ಚೆಂದರೆ ಮೇಲ್ಮೈಯಲ್ಲಿ ತೇಲುತ್ತಾ ಮಾಡುವ ಸ್ನಾರ್ಕೆಲಿಂಗ್‌ಗೆ ಸಾಕು. ನೀರೊಳಗೆ ಟಚ್‌ಸ್ಕ್ರೀನ್ ಹೇಗೂ ಮಾತು ಕೇಳುವುದಿಲ್ಲ, ವಾಲ್ಯೂಮ್ ಬಟನ್ನೇ ಗತಿ. ಮೊಬೈಲನ್ನೇ ಆಳಕ್ಕೆ ಒಯ್ಯಲು ಸೀಲೈಫ್, ಡೈವ್‌ವೋಕ್ ಕಂಪನಿಗಳ ಗಟ್ಟಿ ಪೆಟ್ಟಿಗೆಗಳಿವೆ. ಅವುಗಳ ಬೆಲೆಗೆ ಒಂದು ಸಾಧಾರಣ ಆ್ಯಕ್ಷನ್ ಕ್ಯಾಮೆರಾವೇ ಬರುತ್ತದೆ. ಬ್ಯಾಂಕು, ಆಧಾರ್, ಊರಿನವರ ನಂಬರು ಎಲ್ಲ ತುಂಬಿಕೊಂಡಿರುವ ಫೋನನ್ನು ಕಡಲಿಗಿಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಹೊಸಬರಿಗೆ ಸರಿಹೊಂದುವುದು ಆ್ಯಕ್ಷನ್ ಕ್ಯಾಮೆರಾ. ಅಂಗೈಯಲ್ಲಿ ಹಿಡಿಸುತ್ತದೆ, ಅಗಲವಾಗಿ ನೋಡುತ್ತದೆ, ಒಂದೇ ಬಟನ್‌ನಲ್ಲಿ ಕೆಲಸ ಮುಗಿಯುತ್ತದೆ. ಗೋಪ್ರೊ ಹೀರೊ 5ರಿಂದ 13ರವರೆಗಿನ ಮುಖ್ಯ ಮಾದರಿಗಳು ಬರಿಮೈಯಲ್ಲಿ 10 ಮೀಟರ್ ತಡೆಯುತ್ತವೆ. 2024ರಲ್ಲಿ ಬಂದ, ಬರೀ ‘ಹೀರೊ’ ಎಂಬ ಹೆಸರಿನ ಚಿಕ್ಕದು 5 ಮೀಟರ್ ಮಾತ್ರ. ಹೆಸರು ನೋಡಿ ಎಡವಬೇಡಿ. ಡಿಜೆಐ ಓಸ್ಮೊ ಆ್ಯಕ್ಷನ್ 4 ಪೆಟ್ಟಿಗೆಯಿಲ್ಲದೆ 18 ಮೀಟರ್, ಆ್ಯಕ್ಷನ್ 5 ಪ್ರೊ 20 ಮೀಟರ್ ಇಳಿಯುತ್ತವೆ. ಓಪನ್ ವಾಟರ್ ತರಬೇತಿ ಮುಗಿಸಿದವರಿಗೆ ಇರುವ ಮಿತಿಯೇ 18 ಮೀಟರ್, ಹಾಗಾಗಿ ರಜೆಯಲ್ಲಿ ಡೈವ್ ಮಾಡುವವರಿಗೆ ಇಷ್ಟು ಸಾಕು ಅನ್ನಿಸಬಹುದು. ಆದರೂ ಮಿತಿಯ ಅಂಚಿನಲ್ಲಿ ಕ್ಯಾಮೆರಾ ಬಳಸಬೇಡಿ. 60 ಮೀಟರ್ ತಡೆಯುವ ಹೌಸಿಂಗ್, ಅಂದರೆ ಹೊರಗಿನ ಪಾರದರ್ಶಕ ಪೆಟ್ಟಿಗೆ, ಜೊತೆಗೇ ಕೊಳ್ಳಿ. ಅದು ನೀರನ್ನಷ್ಟೇ ಅಲ್ಲ, ಬಂಡೆಯ ಗೀರನ್ನೂ ತಡೆಯುತ್ತದೆ.

ಬಜೆಟ್ ತೀರಾ ಬಿಗಿಯಿದ್ದರೆ ಎಸ್‌ಜೆಕ್ಯಾಮ್‌ನಂಥ ಅಗ್ಗದ ಮಾದರಿಗಳು ಹೌಸಿಂಗ್ ಸಮೇತವೇ ಬರುತ್ತವೆ. ನನ್ನನ್ನು ಕೇಳಿದರೆ ಹೊಸ ಅಗ್ಗದ್ದಕ್ಕಿಂತ ಎರಡು ಮೂರು ವರ್ಷ ಹಳೆಯದಾದ ಒಳ್ಳೆಯ ಮಾದರಿಯೇ ಮೇಲು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಬ್ಯಾಟರಿ ಉಬ್ಬಿದೆಯೇ, ಮುಚ್ಚಳದ ರಬ್ಬರ್ ಬಿರುಕುಬಿಟ್ಟಿದೆಯೇ, ಚಾರ್ಜಿಂಗ್ ಪಿನ್ನಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಕಿಲುಬು ಕಂಡರೆ ಉಪ್ಪುನೀರು ಒಳಹೊಕ್ಕಿದೆ ಎಂದೇ ಅರ್ಥ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಹೌಸಿಂಗ್ ಮಾದರಿಗೆ ಹೊಂದಬೇಕು: ಹೀರೊ 9ರಿಂದ 13ರವರೆಗಿನದಕ್ಕೆ ಒಂದೇ ಪೆಟ್ಟಿಗೆ ಹೊಂದುತ್ತದೆ, ಹೀರೊ 8ಕ್ಕೆ ಬೇರೆಯೇ ಬೇಕು.

ಸಣ್ಣ ಜೀವಿಗಳ ಮೇಲೆ ಪ್ರೀತಿಯಿದ್ದು ಕೈ ಇನ್ನಷ್ಟು ಬಿಚ್ಚಬಲ್ಲವರಿಗೆ ಒಲಿಂಪಸ್ ಟಿಜಿ-6 ಅಥವಾ ಅದರ ಮುಂದಿನ ಟಿಜಿ-7 ಇದೆ. 15 ಮೀಟರ್ ತಡೆಯುತ್ತದೆ, ಹತ್ತಿರದ ಚಿತ್ರಕ್ಕೆ ಅದಕ್ಕೆ ಸಾಟಿಯಿಲ್ಲ. ಮೊದಲ ಖರೀದಿಗೆ ಅದು ದುಬಾರಿ.

ಕೆಂಪು ಎಲ್ಲಿ ಹೋಯಿತು?

ನೀರು ಬೆಳಕಿನಲ್ಲಿ ಮೊದಲು ಕೆಂಪನ್ನು ಹೀರುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಡಿಮೆ ಮಾಯ, ಆಮೇಲೆ ಕಿತ್ತಳೆ, ಹಳದಿ. ನಿಮ್ಮ ಕೆಂಪು ಟೀ ಶರ್ಟು ಅಲ್ಲಿ ಕಂದು ಬೂದಾಗಿ ಕಾಣುತ್ತದೆ. ಹೌಸಿಂಗ್‌ಗೆ ಸಿಕ್ಕಿಸುವ ಕೆಂಪು ಫಿಲ್ಟರ್ ಇದನ್ನು ತಕ್ಕಮಟ್ಟಿಗೆ ಸರಿಪಡಿಸುತ್ತದೆ. ನೀಲಿ ನೀರಿಗೆ ಕೆಂಪು, ಹಸಿರು ನೀರಿಗೆ ಮಜೆಂಟಾ ಎಂಬುದು ಲೆಕ್ಕ. ನಮ್ಮ ಕರಾವಳಿಯಲ್ಲಿ ಪ್ಲವಕ ಹೆಚ್ಚಿದ ದಿನ ನೀರು ಹಸಿರಾಗಿರುತ್ತದೆ, ಆದ್ದರಿಂದ ಎರಡೂ ಇರುವ ಸೆಟ್ ಕೊಳ್ಳುವುದು ಲೇಸು. ಫಿಲ್ಟರ್ ಇಲ್ಲದ ಬಣ್ಣವನ್ನು ಹುಟ್ಟಿಸುವುದಿಲ್ಲ; ಉಳಿದ ಬಣ್ಣಗಳನ್ನು ತಗ್ಗಿಸಿ ಸರಿದೂಗಿಸುತ್ತದೆ ಅಷ್ಟೆ. ಹಾಗಾಗಿ ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆದರೆ ಮಾತ್ರ ಅದರ ಉಪಯೋಗ.

ಆಳದಲ್ಲಿ ನಿಜವಾದ ಬಣ್ಣ ಬೇಕೆಂದರೆ ಲೈಟ್ ಒಯ್ಯಬೇಕು. ಅದು ಮುಂದಿನ ವರ್ಷದ ಖರ್ಚು. ಕೊಂಡಾಗ ಲೆನ್ಸ್‌ನ ಪಕ್ಕಕ್ಕೇ ಹಿಡಿಯಬೇಡಿ, ತೇಲುವ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆಗಳಾಗುತ್ತವೆ. ತೋಳಿನಳತೆಯಷ್ಟು ಪಕ್ಕಕ್ಕೆ ಸರಿಸಿ ಹಿಡಿಯಿರಿ.

ಒಂದು ಕೂದಲು ಸಾಕು

ಹೌಸಿಂಗ್‌ನ ಮುಚ್ಚಳದಲ್ಲಿ ತೆಳ್ಳನೆಯ ರಬ್ಬರ್ ಬಳೆಯೊಂದಿರುತ್ತದೆ, ಓ-ರಿಂಗ್. ನೀರನ್ನು ತಡೆಯುವುದು ಅದೊಂದೇ. ಅದರ ಮೇಲೆ ಒಂದು ಕೂದಲೋ, ಟವೆಲ್ಲಿನ ನೂಲೋ, ಮರಳಿನ ಒಂದು ಕಣವೋ ಕೂತರೆ ಅಲ್ಲಿಂದಲೇ ನೀರು ಜಿನುಗುತ್ತದೆ. ಮುಚ್ಚುವ ಮೊದಲು ಬೆಳಕಿಗೆ ಹಿಡಿದು ಸುತ್ತಲೂ ನೋಡಿ, ಬೆರಳ ತುದಿಯನ್ನು ಮೆಲ್ಲಗೆ ಸುತ್ತಿಸಿ. ಕಣ್ಣಿಗೆ ಬೀಳದ ಕಣ ಬೆರಳಿಗೆ ಸಿಗುತ್ತದೆ. ರಿಂಗ್ ತೆಗೆಯಲು ಪಿನ್ನು, ಚಾಕು ಬಳಸಬೇಡಿ. ತಯಾರಕರು ಗ್ರೀಸ್ ಹಚ್ಚಲು ಹೇಳಿದ್ದರೆ ಅವರು ಹೇಳಿದ್ದನ್ನೇ, ಹೊಳಪು ಬರುವಷ್ಟು ಮಾತ್ರ ಹಚ್ಚಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡವೇ ಬೇಡ.

ಊರಿನಲ್ಲೇ ಪರೀಕ್ಷೆ ಮಾಡಿಕೊಂಡು ಹೊರಡಿ. ಖಾಲಿ ಹೌಸಿಂಗ್‌ನೊಳಗೆ ಟಿಶ್ಯೂ ಕಾಗದ ಮಡಚಿಟ್ಟು ಮುಚ್ಚಿ, ನೀರು ತುಂಬಿದ ಬ್ಯಾರಲ್ಲಿನ ತಳಕ್ಕೆ ಕಲ್ಲು ಕಟ್ಟಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿಯೇ ಇದ್ದರೆ ದೊಡ್ಡ ದೋಷವಿಲ್ಲ. ಅಭ್ಯಾಸಕ್ಕೆಂದು ಹೊಲದ ಕೃಷಿಹೊಂಡಕ್ಕೆ ಮಾತ್ರ ಇಳಿಯಬೇಡಿ. ಪ್ಲಾಸ್ಟಿಕ್ ಹಾಸಿದ ಅದರ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ, ಈಜು ಬರುವವರೂ ಮೇಲೆ ಹತ್ತಲಾರರು.

ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ದೋಣಿಯಲ್ಲಿ ಹೌಸಿಂಗ್ ಮುಚ್ಚಿದರೆ ಆ ತೇವ ಒಳಗೇ ಉಳಿದು, ತಣ್ಣನೆಯ ನೀರಿಗಿಳಿದಾಗ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಬ್ಯಾಟರಿ, ಕಾರ್ಡು ಹಾಕಿ ಬೆಳಿಗ್ಗೆ ರೂಮಿನಲ್ಲೇ ಮುಚ್ಚಿ, ಒಳಗೊಂದು ಆ್ಯಂಟಿ-ಫಾಗ್ ಪಟ್ಟಿ ಇಡಿ. ಮುಚ್ಚಿದ ಮೇಲೆ ಸ್ಕ್ರೀನ್ ಮುಟ್ಟಲಾಗದು, ಆದ್ದರಿಂದ ಸೆಟ್ಟಿಂಗ್ ಮೊದಲೇ ಮುಗಿಸಿ: ವಿಡಿಯೊ, ಅಗಲ ನೋಟ, ವೈಟ್ ಬ್ಯಾಲೆನ್ಸ್ ಆಟೊ. ಹೊಸಬರಿಗೆ ಫೋಟೊಗಿಂತ ವಿಡಿಯೊವೇ ಸುಲಭ. ಅದರಿಂದ ಬೇಕಾದ ಚಿತ್ರ ಆಮೇಲೆ ತೆಗೆದುಕೊಳ್ಳಬಹುದು.

ನೀರೊಳಗೆ, ಆಮೇಲೆ

ಕ್ಯಾಮೆರಾವನ್ನು ಸುರುಳಿ ಹಗ್ಗದಿಂದ ಜಾಕೆಟ್ಟಿಗೆ ಸಿಕ್ಕಿಸಿ, ಎರಡೂ ಕೈ ಬೇಕಾದಾಗ ಬಿಟ್ಟುಬಿಡಬಹುದು. ತೇಲುವ ಹಿಡಿಕೆ ಸ್ನಾರ್ಕೆಲಿಂಗ್‌ಗೆ ಒಳ್ಳೆಯದು, ಡೈವ್‌ನಲ್ಲಿ ಅದು ಕೈಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಹತ್ತಿರ ಕಾಣುತ್ತವೆ, ಹತ್ತಿರವಾಯಿತು ಅನ್ನಿಸಿದ ಮೇಲೂ ಇನ್ನಷ್ಟು ಸಮೀಪಿಸಬೇಕು. ಹಾಗೆಂದು ಮೀನನ್ನು ಅಟ್ಟಿಸಿಕೊಂಡು ಹೋಗಬೇಡಿ, ಹವಳಕ್ಕೆ ಆತುಕೊಳ್ಳಬೇಡಿ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲೇ ರಕ್ಷಣೆಯಿದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜಾತಿಗಳೂ ಅದರಲ್ಲಿವೆ. ಒಂದು ಸೆಲ್ಫಿಗಾಗಿ ಅದನ್ನು ಮುರಿಯುವುದು ನಿಜಕ್ಕೂ ಅನ್ಯಾಯ.

ಮೇಲೆ ಬಂದ ತಕ್ಷಣ ಪೆಟ್ಟಿಗೆ ತೆರೆಯಬೇಡಿ. ರೂಮಿಗೆ ಬಂದು ಸಿಹಿನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆಹಾಕಿ, ಬಟನ್‌ಗಳನ್ನು ಒಂದೊಂದಾಗಿ ಒತ್ತಿ. ಒಳಗೆ ಸಿಕ್ಕ ಉಪ್ಪು ಹೊರಡಲಿ. ನೆರಳಲ್ಲಿ ಒಣಗಿಸಿ, ಆಮೇಲೆ ತೆರೆಯಿರಿ. ಊರಿಗೆ ಬಂದು ಎತ್ತಿಡುವಾಗ ಬ್ಯಾಟರಿ ಹೊರತೆಗೆದು ಅರ್ಧ ಚಾರ್ಜ್‌ನಲ್ಲಿಡಿ, ರಬ್ಬರ್ ಒತ್ತಡದಲ್ಲಿ ಉಳಿಯದಂತೆ ಹೌಸಿಂಗ್‌ನ ಕೊಂಡಿ ಸಡಿಲ ಬಿಡಿ.